ಮಿಠಾಯಿ ಡಬ್ಬಿ

ಇವತ್ತು ಸಂಜೆ ಮುಂಬೈನ ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಪಕ್ಕದ ಬೆಂಚಿನ ಅಜ್ಜ ನನ್ನ ಮಗಳ ಕೈಗೆ ಒಂದು ಪೆಪ್ಪರ್‌ಮಿಂಟ್ ಇಟ್ಟರು. ಹಸಿರು ಕಾಗದ, ಎರಡೂ ತುದಿ ತಿರುಚಿದ್ದು. "ತಗೋ ಪುಟ್ಟಿ" ಅಂದರು, ಅಷ್ಟೇ.

ನನಗೆ ಮೈ ಜುಂ ಅಂದಿತು. ನಿನ್ನೆ ರಾತ್ರಿ ನೋಡಿದ ಗೂಢಚಾರರ ಸಿನಿಮಾ ಇನ್ನೂ ತಲೆಯಲ್ಲೇ ಇತ್ತು, ಅದು ಮುಗಿದ ಮೇಲೆ ನಿದ್ದೆ ಬಿಟ್ಟು ಶೀತಲ ಸಮರದ ಕಾಲದ ನಿಜವಾದ ಕಥೆ ಓದುತ್ತಾ ಕೂತಿದ್ದೆ.

1961, ಮಾಸ್ಕೋದ ಪಾರ್ಕು. ಸೋವಿಯತ್ ಕರ್ನಲ್ ಒಲೆಗ್ ಪೆಂಕೋವ್‌ಸ್ಕಿ ಅಲ್ಲಿ ಕೂತಿದ್ದ ತಾಯಿಯೊಬ್ಬಳ ಹತ್ತಿರ ಬಂದು, ಮಕ್ಕಳಿಗೆ ಅಂತ ಒಂದು ಮಿಠಾಯಿ ಡಬ್ಬಿ ಕೊಡುತ್ತಾನೆ. ಒಳಗೆ ಸೋವಿಯತ್ ರಹಸ್ಯಗಳ ಫಿಲ್ಮ್ ರೋಲು. ಆಕೆ ಜಾನೆಟ್ ಚಿಸೋಮ್, ಬ್ರಿಟಿಷ್ ಗುಪ್ತಚರ ಅಧಿಕಾರಿಯ ಹೆಂಡತಿ. ಹೀಗೆ ಕರ್ನಲ್ ಕೊಟ್ಟ ಸೋವಿಯತ್ ಕ್ಷಿಪಣಿಗಳ ವಿವರ 1962ರ ಅಕ್ಟೋಬರ್‌ನಲ್ಲಿ, ಕ್ಯೂಬಾದಲ್ಲಿ ಸೋವಿಯತ್‌ನವರು ಇಟ್ಟಿದ್ದ ಕ್ಷಿಪಣಿಗಳು ಎಂಥವು ಅಂತ ಅಮೆರಿಕದವರು ಅರ್ಥ ಮಾಡಿಕೊಳ್ಳೋಕೆ ನೆರವಾಯಿತು. ಅದೇ ತಿಂಗಳು ಅವನು ಸಿಕ್ಕಿಬಿದ್ದ. 1963ರ ಮೇನಲ್ಲಿ ಮರಣದಂಡನೆ.

ಸಿನಿಮಾದ ಗುಂಡು, ಚೇಸು ಎಲ್ಲ ಮರೆತುಹೋಗುತ್ತೆ. ಆದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಡಬ್ಬಿಗೆ ಕೈ ಚಾಚಿದ ತಾಯಿ... ಅವಳ ಕೈ ನಡುಗಿರಲ್ವಾ?

ಮಗಳು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಕಾಗದ ನನಗೆ ಕೊಟ್ಟಳು. ಈಗಲೂ ಅಂಗಿ ಜೇಬಿನಲ್ಲೇ ಇದೆ.