ಹನುಕ್ಕಾನೋ, ಚನುಕಾನೋ? ಹೆಸರಿನ ಅರ್ಥವೇನು?

ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ: ಯೆಹೂದ್ಯರ ಈ ಹಬ್ಬವನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ಹೆಸರಿನ ಅರ್ಥ 'ದೀಪಗಳ ಹಬ್ಬ' ಎಂದೇ?

ಹನುಕ್ಕಾ ಎಂದು ಬರೆಯಿರಿ. 'ಚನುಕಾ' ತಪ್ಪು. ಇಂಗ್ಲಿಷಿನಲ್ಲಿ ಕೆಲವರು ಸಿ-ಎಚ್ ಹಾಕುವುದು ಗಂಟಲ ಸದ್ದನ್ನು ತೋರಿಸಲು, ಅದು ನಮ್ಮ ಚಕಾರವಲ್ಲ. ಹೀಬ್ರೂವಿನ ಮೊದಲ ಅಕ್ಷರ 'ಹೇತ್'. ಇಸ್ರೇಲಿನಲ್ಲಿ ಈಗ ಬಹುಪಾಲು ಜನ ಅದನ್ನು ಉರ್ದುವಿನ 'ಖಬರ್'ನಲ್ಲಿರುವ ಹಾಗೆ ನುಡಿಯುತ್ತಾರೆ, ಯೆಮೆನ್ ಮೂಲದವರು ಅರಬ್ಬಿಯ 'ಹಲಾಲ್'ನಲ್ಲಿರುವ ಹಾಗೆ. ಎರಡಕ್ಕೂ ಕನ್ನಡದಲ್ಲಿ ಸರಿಹೊಂದುವ ಅಕ್ಷರವಿಲ್ಲ, ಹಕಾರವೇ ವಾಸಿ. 'ಕ್ಕಾ'ದ ಒತ್ತಕ್ಷರ ಬಂದದ್ದು ಹೀಬ್ರೂವಿನ 'ಕಾಫ್' ಅಕ್ಷರದೊಳಗಿನ ಚುಕ್ಕಿಯಿಂದ, ಅದು ದ್ವಿತ್ವದ ಗುರುತು. ಇಂದಿನ ಮಾತಿನಲ್ಲಿ ದ್ವಿತ್ವ ಕೇಳಿಸುವುದಿಲ್ಲ, ಹಾಗಾಗಿ 'ಹನುಕಾ' ಎಂದವರನ್ನು ತಿದ್ದಬೇಕಿಲ್ಲ. ಕೊನೆಯ 'ಹೇ' ಮೌನಾಕ್ಷರ, 'ಹನುಕ್ಕಾಹ್' ಬೇಡ. ಹೀಬ್ರೂವಿನಲ್ಲೇ ಎರಡು ಕಾಗುಣಿತಗಳಿವೆ: ಸ್ವರಚಿಹ್ನೆ ಇಟ್ಟರೆ 4 ಅಕ್ಷರ, ಇಡದಿದ್ದರೆ ಉಕಾರ ತೋರಿಸಲು 'ವಾವ್' ಸೇರಿ 5.

ಅರ್ಥದಲ್ಲಿ ದೀಪವೇ ಇಲ್ಲ. ಹನುಕ್ಕಾ ಎಂದರೆ ಪ್ರತಿಷ್ಠೆ, ವಿಧಿಪೂರ್ವಕವಾಗಿ ಬಳಕೆಗೆ ತರುವುದು. ಇಸ್ರೇಲಿನಲ್ಲಿ ಗೃಹಪ್ರವೇಶಕ್ಕೂ 'ಹನುಕ್ಕತ್ ಬಾಯಿತ್' ಅನ್ನುತ್ತಾರೆ. ಹಬ್ಬದ ಪ್ರತಿಷ್ಠೆ ಯೆರೂಸಲೇಮ್ ದೇವಾಲಯದ ಬಲಿಪೀಠದ್ದು. ಗ್ರೀಕ್ ಮೂಲದ ಸೆಲ್ಯೂಸಿಡ್ ವಂಶದ ದೊರೆ 4ನೆಯ ಆಂಟಿಯೋಕಸ್ ಅದನ್ನು ಹೊಲೆಗೆಡಿಸಿದ್ದ. ಕ್ರಿ.ಪೂ. 164ರಲ್ಲಿ, ಅವನ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಯೆಹೂದ್ಯ ನಾಯಕ ಯೂದ ಮಕ್ಕಬಿಯ ಕಡೆಯವರು ಹಳೆಯ ಕಲ್ಲುಗಳನ್ನು ತೆಗೆದು, ಉಳಿ ಮುಟ್ಟದ ಕಲ್ಲುಗಳಿಂದ ಹೊಸ ಪೀಠ ಕಟ್ಟಿ, ಯೆಹೂದ್ಯ ಪಂಚಾಂಗದ ಕಿಸ್ಲೇವ್ ಮಾಸದ 25ರಂದು ಬಲಿ ಅರ್ಪಿಸಿ ಎಂಟು ದಿನ ಹಬ್ಬ ಮಾಡಿದರು. ಇದನ್ನು ಹೇಳುವ ಮಕ್ಕಬಿಯರ ಮೊದಲ ಗ್ರಂಥದಲ್ಲಿ ಒಂದು ದಿನದ ಎಣ್ಣೆ ಎಂಟು ದಿನ ಉರಿದ ಕಥೆಯಿಲ್ಲ. ಅದು ಶತಮಾನಗಳ ನಂತರದ ಯೆಹೂದ್ಯ ಧರ್ಮಚರ್ಚೆಗಳ ಸಂಕಲನವಾದ ತಾಲ್ಮುಡ್‌ನಲ್ಲಿದೆ. ಹಬ್ಬದ ದಿನಗಳಲ್ಲಿ ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಓದುವುದೂ ಬೈಬಲಿನ ಅರಣ್ಯಕಾಂಡದ 7ನೆಯ ಅಧ್ಯಾಯ, ಬಲಿಪೀಠ ಪ್ರತಿಷ್ಠೆಯ ಕಾಣಿಕೆಗಳ ಭಾಗ.

'ಹನು' ಎಂದರೆ ತಂಗಿದರು, ಹೀಬ್ರೂ ಅಕ್ಷರಗಳನ್ನು ಅಂಕಿಗಳಾಗಿಯೂ ಬಳಸುವುದರಿಂದ 'ಕಾಫ್-ಹೇ' ಎಂದರೆ 25. ಕೂಡಿಸಿದರೆ '25ರಂದು ವಿಶ್ರಮಿಸಿದರು' ಎಂಬ ಇನ್ನೊಂದು ವಿವರಣೆಯೂ ಉಂಟು. ಲೆಕ್ಕ ಚಂದವಾಗಿದೆ, ವ್ಯುತ್ಪತ್ತಿಯೆಂದು ಬರೆಯಬೇಡಿ.

ದೀಪದ ಹೆಸರಲ್ಲೂ ಎಡವುವುದುಂಟು. ದೇವಾಲಯದ ದೀಪಸ್ತಂಭವಾದ ಮೆನೋರಾಕ್ಕೆ 7 ಕವಲು. ಹಬ್ಬದ 'ಹನುಕ್ಕಿಯಾ'ಕ್ಕೆ 8, ಜೊತೆಗೆ ಉಳಿದವನ್ನು ಹಚ್ಚಲು 'ಶಮಾಷ್' ಎಂಬ ಒಂಬತ್ತನೆಯದು. ಮೇಣದಬತ್ತಿಗಳನ್ನು ಬಲತುದಿಯಿಂದ ಜೋಡಿಸಿ, ಆ ದಿನದ ಹೊಸದರಿಂದ ಶುರುಮಾಡಿ ಎಡದಿಂದ ಬಲಕ್ಕೆ ಹಚ್ಚುತ್ತಾರೆ. ಯೆಹೂದ್ಯರ ದಿನ ಸೂರ್ಯಾಸ್ತಕ್ಕೆ ಶುರುವಾಗುವುದರಿಂದ, 2025ರ ಕ್ಯಾಲೆಂಡರ್ ಡಿಸೆಂಬರ್ 15 ಎಂದು ತೋರಿಸಿದ್ದರೂ ಮೊದಲ ದೀಪ 14ರ ಸಂಜೆಯದು.