ಬಿ.ವಿ. ದೋಷಿಯವರ ಕಟ್ಟಡ ನೋಡಲು ಹುಬ್ಬಳ್ಳಿಯಿಂದ ಅಹಮದಾಬಾದಿಗೆ: ಬಿಸಿಲಲ್ಲೇ ಹೋಗಿ

ವಾಸ್ತುಶಿಲ್ಪಿ ಬಿ.ವಿ. ದೋಷಿ ಅವರ ಕಟ್ಟಡ ನೋಡಲು ಅಹಮದಾಬಾದಿಗೆ ಹೊರಟರೆ ಎಲ್ಲರೂ ಹೇಳುವುದು ಒಂದೇ: ಡಿಸೆಂಬರ್‌ನಲ್ಲಿ ಹೋಗಿ, ತಂಪಿರುತ್ತದೆ. ನಾನು ಉಲ್ಟಾ ಹೇಳುತ್ತೇನೆ. ಮಾರ್ಚ್ ಕೊನೆಗೆ ಹೋಗಿ, ಮಧ್ಯಾಹ್ನ ನೋಡಿ. ಧಾರವಾಡದ ಹವೆಯಲ್ಲಿ ಬೆಳೆದ ನಮಗೆ ಆ ಊರಿನ ಬಿಸಿಲು ಒಮ್ಮೆ ತಲೆ ಸುಡಬೇಕು. ಆಮೇಲೇ ಅವರು ಯಾಕೆ ಹಾಗೆ ಕಟ್ಟಿದರು ಅಂತ ತಿಳಿಯುವುದು. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಡಿಸೆಂಬರೇ ಸರಿ. ಮೇ ತಿಂಗಳು ಯಾರಿಗೂ ಬೇಡ.

ದೋಷಿ ಪ್ಯಾರಿಸ್‌ನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಕೈಕೆಳಗೆ ಕೆಲಸ ಕಲಿತವರು. ಕಾರ್ಬೂಸಿಯೆ ಅವರ ಕಟ್ಟಡಗಳ ಉಸ್ತುವಾರಿಗೆ ಅಹಮದಾಬಾದಿಗೆ ಬಂದು ಅಲ್ಲೇ ನೆಲೆ ನಿಂತರು. 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು. ಅದನ್ನು ಪಡೆದ ಮೊದಲ ಭಾರತೀಯ ಅವರೇ. 2023ರ ಜನವರಿಯಲ್ಲಿ ತೀರಿಕೊಂಡರು.

ಹುಬ್ಬಳ್ಳಿಯಿಂದ ಬೆಳಗಾವಿ, ಮಿರಜ್, ಪುಣೆ, ಸೂರತ್ ಮೇಲೆ ಅಹಮದಾಬಾದಿಗೆ ನೇರ ರೈಲುಗಳಿವೆ. ದಿನಾ ಇರುವುದಿಲ್ಲ, ವಾರ ನೋಡಿಕೊಂಡು ಹೊರಡಿ. ನಮ್ಮೂರಿನ ಮಾರವಾಡಿ, ಗುಜರಾತಿ ವ್ಯಾಪಾರಸ್ಥರು ಊರಿಗೆ ಹೋಗುವುದು ಇವೇ ಗಾಡಿಗಳಲ್ಲಿ. ಹಾಗಾಗಿ ಹೋಳಿ, ದೀಪಾವಳಿ ಮುಂದೆ ಟಿಕೆಟ್ ಸಿಗುವುದು ಕಷ್ಟ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಗುಜರಾತಿ ದಾಲ್ ಸಿಹಿ ಇರುತ್ತದೆ, ಎರಡನೇ ದಿನಕ್ಕೆ ಆ ಚಟ್ನಿ ನೆನಪಾಗುತ್ತದೆ.

ಹೊರಡುವ ಮುಂಚೆ ಮಾಡಬೇಕಾದ ಮುಖ್ಯ ಕೆಲಸ ಅನುಮತಿ. ಇವು ಪ್ರವಾಸಿ ತಾಣಗಳಲ್ಲ, ಆಫೀಸು, ಕಾಲೇಜು. ದೋಷಿಯವರ ಆಫೀಸು ಸಂಗಾತ್, ಅವರು ಕಟ್ಟಿದ ವಾಸ್ತುಶಿಲ್ಪ ಕಾಲೇಜು ಸೆಪ್ಟ್ ಎರಡಕ್ಕೂ ಮೊದಲೇ ಇ-ಮೇಲ್ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಭಾನುವಾರ ಆಫೀಸುಗಳಿಗೆ ರಜೆ, ಸೋಮವಾರ ಗುಫಾ ಎಂಬ ಚಿತ್ರಶಾಲೆ ಮುಚ್ಚಿರುತ್ತದೆ. ಮಂಗಳವಾರದಿಂದ ಶುಕ್ರವಾರದ ಒಳಗೆ ಇಟ್ಟುಕೊಂಡರೆ ಸುಮ್ನೆ ಓಡಾಟ ತಪ್ಪುತ್ತದೆ.

ನನ್ನ ಜೊತೆ ಬಂದವರು ಕಾಕಾ. ಹುಬ್ಬಳ್ಳಿಯಲ್ಲಿ ಗೌಂಡಿ ಕೆಲಸ ಮಾಡಿ ಬದುಕಿದವರು. ಆರ್ಕಿಟೆಕ್ಟ್ ಹೆಸರು ಅವರಿಗೆ ಬೇಕಿರಲಿಲ್ಲ. ಸಂಗಾತ್ ನೋಡಿದ ಕೂಡಲೇ ಕೇಳಿದ್ದು, "ತಮ್ಮಾ, ಚಾವಣಿ ಯಾಕ ಹಿಂಗ ಬಗ್ಗಿಸ್ಯಾರ?"

ಸಂಗಾತ್ ಅಂದರೆ ದೋಷಿ ತಮ್ಮ ಆಫೀಸಿಗಾಗಿ 1980ರ ಹೊತ್ತಿಗೆ ಕಟ್ಟಿಕೊಂಡ ಜಾಗ. ಸಾಲಾಗಿ ಉದ್ದುದ್ದ ಕಮಾನು ಚಾವಣಿಗಳು, ಅರ್ಧ ಕಟ್ಟಡ ನೆಲದೊಳಗೆ. ಚಾವಣಿಯ ಮೇಲೆ ಒಡೆದ ಬಿಳಿ ಟೈಲ್ಸ್ ಚೂರು. ನಮ್ಮ ಕಡೆ ಟೆರೇಸಿಗೆ ಹಾಕುವ ಚೈನಾ ಮೊಸಾಯಿಕ್ ಅದೇ. ಬಿಸಿಲನ್ನು ಅದು ವಾಪಸ್ ಕಳಿಸುತ್ತದೆ. ಕಮಾನಿನ ಹೊಟ್ಟೆಯಲ್ಲಿ ಕಾಂಕ್ರೀಟಿನ ಎರಡು ಪದರ, ನಡುವೆ ಸುಟ್ಟ ಮಣ್ಣಿನ ಟೊಳ್ಳು ಬಿಲ್ಲೆ. ಟೊಳ್ಳಿನಲ್ಲಿರುವ ಗಾಳಿ ಕಾವನ್ನು ಕೆಳಗೆ ಬಿಡುವುದಿಲ್ಲ. ಗದಗ, ರೋಣದ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣು ಮಾಡುವ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತಿದೆ. ಇದನ್ನು ಕಾಕಾನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮಳೆ ನೀರು ಚಾವಣಿಯಿಂದ ಕಾಲುವೆಗೆ ಬಿದ್ದು, ಅಲ್ಲಿಂದ ಹೊಂಡಕ್ಕೆ ಹೋಗುತ್ತದೆ. ಮಧ್ಯಾಹ್ನ ಹೊರಗೆ ಐದು ನಿಮಿಷ ನಿಂತು, ಆಮೇಲೆ ಮೆಟ್ಟಿಲಿಳಿದು ಒಳಗೆ ಹೋಗಿ. ಡಿಸೆಂಬರ್‌ನಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಬಿಳಿ ಚೂರುಗಳ ಮೇಲಿನ ಬೆಳಕು ಕಣ್ಣು ಚುಚ್ಚುತ್ತದೆ, ಕರಿ ಕನ್ನಡಕ ಇರಲಿ.

ಅಲ್ಲಿಂದ ಯೂನಿವರ್ಸಿಟಿ ರಸ್ತೆಗೆ ಆಟೋ ಹಿಡಿಯಿರಿ. ಸೆಪ್ಟ್, ಗುಫಾ, ಇಂಡಾಲಜಿ (ಭಾರತೀಯ ವಿದ್ಯೆಗಳ ಅಧ್ಯಯನ) ಸಂಸ್ಥೆ ಮೂರೂ ಹತ್ತಿರ ಹತ್ತಿರ ಇವೆ. ಇಂಡಾಲಜಿ ಕಟ್ಟಡ 1962ರದ್ದು, ದೋಷಿಯವರ ಮೊದಮೊದಲ ಕೆಲಸಗಳಲ್ಲಿ ಒಂದು. ಜೈನ ಹಸ್ತಪ್ರತಿಗಳಿಗೆ ತಂಪು ಬೇಕು ಅಂತ ಅರ್ಧ ನೆಲಮಾಳಿಗೆ ಮಾಡಿದ್ದಾರೆ, ಸುತ್ತ ಅಗಲವಾದ ಪಡಸಾಲೆ. ಅಷ್ಟಾಗಿ ಯಾರೂ ಹೋಗುವುದಿಲ್ಲ, ನೀವು ಹೋಗಿ. ಸೆಪ್ಟ್ ವಾಸ್ತುಶಿಲ್ಪ ಶಾಲೆಯಲ್ಲಿ ಇಟ್ಟಿಗೆ, ಕಾಂಕ್ರೀಟು, ಉತ್ತರದಿಂದ ಬರುವ ಬೆಳಕು. ಕೆಳಗೆ ಬಾಗಿಲೇ ಇಲ್ಲದ ಜಾಗದಲ್ಲಿ ಹುಡುಗರು ಕಟ್ಟೆ ಮೇಲೆ ಕೂತು ಹರಟುತ್ತಿರುತ್ತಾರೆ. ನೀವೂ ಕೂರಿ. ಫೋಟೋ ಆಮೇಲೆ ತೆಗೆದರಾಯಿತು.

ಗುಫಾ ಸಂಜೆ 4ಕ್ಕೆ ತೆರೆಯುತ್ತದೆ, ಆದ್ದರಿಂದ ಅದನ್ನು ಕೊನೆಗೆ ಇಡಿ. ಚಿತ್ರಕಾರ ಎಂ.ಎಫ್. ಹುಸೇನ್ ಅವರ ಚಿತ್ರಗಳಿಗಾಗಿ 1990ರ ದಶಕದಲ್ಲಿ ಆದದ್ದು. ನೆಲದೊಳಗೆ ಗವಿ, ಮೇಲೆ ಉಬ್ಬು ಉಬ್ಬಾದ ಗುಮ್ಮಟಗಳು, ಅವುಗಳ ಮೇಲೆ ಹುಸೇನ್ ಬರೆದ ಹಾವು. ಒಳಗೆ ನೇರ ಗೋಡೆ ಇಲ್ಲ, ಕಂಬಗಳು ವಾಲಿಕೊಂಡಿವೆ. ಕಾಕಾ ಅಲ್ಲೇ ನಿಂತುಬಿಟ್ಟರು. "ಇದಕ್ಕ ಸೆಂಟ್ರಿಂಗ್ ಹೆಂಗ ಮಾಡ್ಯಾರ?" ಸೆಂಟ್ರಿಂಗ್ ಅಂದರೆ ಕಾಂಕ್ರೀಟಿಗೆ ಕೆಳಗಿಂದ ಕೊಡುವ ಅಚ್ಚು. ಇಲ್ಲಿ ಅದಿಲ್ಲದೆ ತಂತಿ ಜಾಲರಿಯನ್ನೇ ಆಕಾರಕ್ಕೆ ಬಗ್ಗಿಸಿ, ಮೇಲೆ ಸಿಮೆಂಟ್ ಗಾರೆ ಮೆತ್ತಿದ್ದು. ದಪ್ಪ ಸುಮಾರು ಒಂದು ಇಂಚು. ಆಕಾರದ ಲೆಕ್ಕ ಕಂಪ್ಯೂಟರಿನದು, ಕೆಲಸ ಮಾಡಿದ್ದು ಆದಿವಾಸಿ ಕೆಲಸಗಾರರು, ಸಾದಾ ಕೈ ಸಲಕರಣೆಗಳಲ್ಲಿ. ಕಾಕಾ ನಂಬಲಿಲ್ಲ. ಬೆರಳಿನಿಂದ ಬಡಿದು ನೋಡಲು ಹೋದರು, ಕಾವಲಿನವನು ಗದರಿದ. ನನಗೆ ಕೇಳಿದರೆ ಗುಫಾ ಸ್ವಲ್ಪ ಆಟದ ಸಾಮಾನು, ಸಂಗಾತ್‌ನ ತೂಕ ಅದಕ್ಕಿಲ್ಲ. ಕಾಕಾ ಮಾತ್ರ ಇವತ್ತಿಗೂ ಒಪ್ಪುವುದಿಲ್ಲ.

ಸಮಯ ಇದ್ದರೆ ಆಶ್ರಮ ರಸ್ತೆಯಲ್ಲಿ ಕಾರ್ಬೂಸಿಯೆ ಅವರ ಗಿರಣಿ ಮಾಲೀಕರ ಸಂಘದ ಕಟ್ಟಡ, ಸಾಬರಮತಿ ಆಶ್ರಮದಲ್ಲಿ ಚಾರ್ಲ್ಸ್ ಕೊರಿಯಾ 1963ರಲ್ಲಿ ಮುಗಿಸಿದ ಗಾಂಧಿ ಸಂಗ್ರಹಾಲಯ ನೋಡಿ. ಎಲ್ಲಾ ಒಂದೇ ದಿನಕ್ಕೆ ತುರುಕಬೇಡಿ. ಓಡಾಟಕ್ಕೆ ಮೆಟ್ರೋ, ಆಟೋ ಸಾಕು. ಮೀಸಲು ದಾರಿಯಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸೂ ಇದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನವರಿಗೆ ಆ ನಿಲ್ದಾಣಗಳು ಹೊಸದೇನಲ್ಲ, ಅಲ್ವಾ?

ಅಷ್ಟು ದೂರ ಆಗುವುದಿಲ್ಲ ಅನ್ನುವವರಿಗೆ ರಾತ್ರಿ ರೈಲಿಗೆ ಬೆಂಗಳೂರು ಇದೆ. ಬನ್ನೇರುಘಟ್ಟ ರಸ್ತೆಯ ಐಐಎಂ ಕೂಡ ದೋಷಿಯವರದೇ. ಒರಟು ಗ್ರಾನೈಟ್ ಗೋಡೆ, ಬಳ್ಳಿ ಹಬ್ಬಿದ ಉದ್ದನೆಯ ಓಣಿಗಳು, ಅಲ್ಲಲ್ಲಿ ಚಾವಣಿಯ ಬದಲು ಬರೀ ತೊಲೆಗಳು. ಅಲ್ಲಿನ ಹವೆಗೆ ತಕ್ಕಂತೆ ಬಿಸಿಲನ್ನು ತಡೆಯುವ ಬದಲು ಒಳಗೆ ಕರೆದಿದ್ದಾರೆ. ಅದಕ್ಕೂ ಮೊದಲೇ ಅನುಮತಿ ಬೇಕು, ಗೇಟಿಗೆ ಹೋಗಿ ಕೇಳಿದರೆ ಆಗುವುದಿಲ್ಲ.