ಉಗುರಿನ ಸಂದಿಯ ಗ್ರೀಸು

“ಅಪ್ಪಾ, ಪೊಲೀಸ್ರು ಬೇಡಿ ಹಾಕಿದಂಗ ಎಲ್ಲಾ ಫೋಟೋದಾಗೂ ಯಾಕ ಕೈ ಹಿಂದ ಇಟ್ಕೊಂಡಿ?” ಅಂದಳು ಮಗಳು.

ಅವಳ ಹುಟ್ಟುಹಬ್ಬದ ಫೋಟೋ ನೋಡುತ್ತ ಕೂತಿದ್ದೆವು. ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಕೈ ಹಿಂದಕ್ಕಿಟ್ಟುಕೊಳ್ಳಿ ಅಂತ ಅವತ್ತು ಕಣ್ಸನ್ನೆ ಮಾಡಿದವಳು ಅವಳೇ. ಹಿಂದಿನ ದಿನ ಕಾರಿನ ಮುಂದಿನ ಬ್ರೇಕ್ ಪ್ಯಾಡು ನಾನೇ ಬದಲಿಸಿದ್ದೆ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ.

ನಾವಿರುವುದು ಮಿಷಿಗನ್ನಿನಲ್ಲಿ, ಡೆಟ್ರಾಯಿಟ್ ಹತ್ತಿರ. ಬ್ರೇಕು ಒತ್ತಿದಾಗಲೆಲ್ಲ ಕೀಚು ಕೀಚು ಅನ್ನುತ್ತಿತ್ತು. ಪ್ಯಾಡು ಸವೆದರೆ ಡಿಸ್ಕಿಗೆ ತಾಗಿ ಕೂಗಲಿ ಅಂತಲೇ ಅದರಲ್ಲೊಂದು ಸಣ್ಣ ತಗಡು ಇಟ್ಟಿರುತ್ತಾರೆ. ವರ್ಕ್‌ಶಾಪಿನವರು ಹೇಳಿದ ಕೂಲಿ ಕೇಳಿ ಸುಮ್ಮನೆ ಹೊರಗೆ ಬಂದೆ. ಪಕ್ಕದ ಮನೆಯ ಹಿರಿಯರು ಕಾರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ವಿಷಯ ತಿಳಿದದ್ದೇ ತಡ, ತಮ್ಮ ಜಾಕು, ಸ್ಟ್ಯಾಂಡು ಎಳೆದುಕೊಂಡು ನಮ್ಮ ಗರಾಜಿಗೆ ಬಂದರು. ಬಂದವರು ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಸ್ಟೂಲ್ ಹಾಕಿಕೊಂಡು ಕೂತು ನನ್ನ ಕೈಲೇ ಎಲ್ಲ ಮಾಡಿಸಿದರು. ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸು. ಜಾಕನ್ನಷ್ಟೇ ನಂಬಿ ಕಾರಿನಡಿ ತಲೆ ಹಾಕಬೇಡ. ಪ್ಯಾಡನ್ನು ಡಿಸ್ಕಿಗೆ ಒತ್ತಿಹಿಡಿಯುವ ಕ್ಯಾಲಿಪರನ್ನು ಬ್ರೇಕಿನ ಪೈಪಿಗೆ ಜೋತುಬಿಡಬೇಡ, ತಂತಿ ಕಟ್ಟಿ ಮೇಲಕ್ಕೆ ನೇತುಹಾಕು. ಅದರೊಳಗಿನ ಪಿಸ್ಟನ್ನನ್ನು ಕ್ಲಾಂಪಿನಿಂದ ನಿಧಾನಕ್ಕೆ ಒಳಗೆ ಒತ್ತು. ಎಲ್ಲ ಮುಗಿದ ಮೇಲೆ, ಕಾರು ಹೊರಡಿಸುವ ಮೊದಲು, ಪೆಡಲು ಗಟ್ಟಿಯಾಗುವ ತನಕ ತುಳಿ. ಈ ಕೊನೆಯದನ್ನು ಮರೆತರೆ ಮೊದಲ ತಿರುವಿನಲ್ಲೇ ಬ್ರೇಕು ಹಿಡಿಯುವುದಿಲ್ಲವಂತೆ.

ಹೆಚ್ಚು ಹೊತ್ತು ಹಿಡಿದದ್ದು ತುಕ್ಕು. ಡೆಟ್ರಾಯಿಟ್ ಊರಿನ ಕೆಳಗೇ, ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಮಂಜು ಕರಗಲೆಂದು ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ, ಅದು ಕಾರಿನ ತಳವನ್ನೆಲ್ಲ ತಿನ್ನುತ್ತದೆ. ಬಳ್ಳಾರಿಯಲ್ಲಿ ಗಣಿಯ ಕೆಂಪು ಧೂಳು ಗಾಡಿ ತಿನ್ನುವುದನ್ನು ನೋಡಿ ಬೆಳೆದವನಿಗೆ ಇಲ್ಲಿಯೂ ಗಣಿಯೇ ಗಂಟುಬಿದ್ದಿತು.

ಮರುದಿನ ಪಾರ್ಟಿಗೆ ಕರೆದಾಗ ಆ ಹಿರಿಯರು ತಮ್ಮ ಹಳೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದರು. ಯಾರನ್ನೂ ಸಾಲಾಗಿ ನಿಲ್ಲಿಸಲಿಲ್ಲ. ಫ್ಲಾಶನ್ನು ನೇರ ಮುಖಕ್ಕೆ ಹೊಡೆಯದೆ ಬಿಳಿ ಚಾವಣಿ ಕಡೆಗೆ ತಿರುಗಿಸಿದರು. ಮೇಲೆ ಬಡಿದ ಬೆಳಕು ಹರಡಿಕೊಂಡು ಕೆಳಗಿಳಿಯುತ್ತದೆ, ಆಗ ಜರಿಯಂಚು ಬೆಳ್ಳಗೆ ಸುಟ್ಟ ಹಾಗೆ ಕಾಣುವುದಿಲ್ಲ, ಮುಖಕ್ಕೆ ಎಣ್ಣೆ ಬಳಿದ ಹಾಗೂ ಇರುವುದಿಲ್ಲ. ಮಕ್ಕಳ ಫೋಟೋಕ್ಕೆ ಆ ವಯಸ್ಸಿನಲ್ಲೂ ಮಂಡಿಯೂರಿ ಕೂತರು. ಮೇಣದಬತ್ತಿ ಆರಿಸುವಾಗ ಫ್ಲಾಶ್ ಆಫ್. ಊದುವ ಮುಖಕ್ಕಿಂತ ಊದಿ ಮುಗಿಸಿ ಅತ್ತಿತ್ತ ನೋಡುವ ಮುಖ ಚೆಂದ ಅಂತ ಅವರ ಲೆಕ್ಕ. ಮಗಳ ಅತ್ಯುತ್ತಮ ಫೋಟೋ ಆ ಗಳಿಗೆಯದ್ದೇ. ಅವರು ಕೈಗಳನ್ನು ಬಿಡುವುದಿಲ್ಲ. ಮಿರ್ಚಿ ತೇಲಿಬಿಡುವ ಕೈ, ಜಡೆ ಸರಿಮಾಡುವ ಕೈ, ಕೇಕಿನ ಕ್ರೀಮು ನೆಕ್ಕುವ ಬೆರಳು. ನನ್ನ ಕೈ ಮಾತ್ರ ಅವರಿಗೆ ಸಿಗಲಿಲ್ಲ.

ಮಗಳ ಮಾತಿಗೆ ನಾನೂ ನಕ್ಕೆ. ಆದರೆ ಹೀಗೆ ನಿಲ್ಲುವುದನ್ನು ಕಲಿತದ್ದು ಎಲ್ಲಿ ಅಂತ ನನಗೆ ಗೊತ್ತು.

ನಮ್ಮ ಸೋದರಮಾವನದು ಬಳ್ಳಾರಿಯ ಹೊಸಪೇಟೆ ರಸ್ತೆಯಲ್ಲಿ ಲಾರಿ ಶೆಡ್ಡು. ಸಂಡೂರಿನಿಂದ ಬೇಲೆಕೇರಿ ಬಂದರಿಗೆ ಅದಿರು ಹೊರುತ್ತಿದ್ದ ದಿನಗಳಲ್ಲಿ ಅಲ್ಲಿ ರಾತ್ರಿ ಹಗಲು ಅನ್ನುವುದಿರಲಿಲ್ಲ. ಲೋಡು ಜಾಸ್ತಿಯಾಗಿ ಕಮಾನ್ ಪಟ್ಟಾ ಮುರಿದುಕೊಂಡು ಬಂದವು, ಬ್ರೇಕ್ ಲೈನರ್ ಸವೆಸಿಕೊಂಡು ಬಂದವು, ಒಂದರ ಹಿಂದೊಂದು. ಮಾವ ಮೊದಲು ಡೀಸೆಲ್ಲಿನಲ್ಲಿ ಕೈ ತೊಳೆದು, ಆಮೇಲೆ ಸೋಪಿನ ಪುಡಿ ಹಚ್ಚಿ, ಉಸುಕಿನಲ್ಲಿ ತಿಕ್ಕಿಕೊಂಡು ಉಣ್ಣಲು ಕೂಡುತ್ತಿದ್ದ. ನಾನು ಶೆಡ್ಡಿಗೆ ಹೋದರೆ ಒಂದೇ ಮಾತು: “ಪಾನಾ ಮುಟ್ಟಬ್ಯಾಡ. ನಡಿ, ಓದ್ಕ ಹೋಗು.” ನನ್ನ ಇಂಜಿನಿಯರಿಂಗ್ ಫೀಸಿನ ಒಂದು ಪಾಲು ಬಂದದ್ದು ಆ ಶೆಡ್ಡಿನಿಂದಲೇ.

ಅಕ್ಕನ ಮದುವೆಯಲ್ಲಿ ಅವಳನ್ನು ಮಂಟಪಕ್ಕೆ ಕರೆತಂದವನು ಅವನು. ಫೋಟೋಗ್ರಾಫರು ಕ್ಯಾಮೆರಾ ಇಳಿಸಿ, “ಮಾವಾರ, ಕೈ ಶಲ್ಯದಾಗ ಇಟ್ಕೊಳ್ರಿ, ಆಲ್ಬಮ್ಮಿನಾಗ ಚಲೋ ಕಾಣಂಗಿಲ್ಲ” ಅಂದ. ಸುತ್ತ ನಿಂತವರಲ್ಲಿ ಒಬ್ಬರೂ ಬ್ಯಾಡ ಅನ್ನಲಿಲ್ಲ. ಮಾವ ಇಟ್ಟುಕೊಂಡ. ಆಮೇಲೆ ನೆಂಟರ ಎಷ್ಟು ಮದುವೆಯಾದವೋ, ಯಾರೂ ಹೇಳುವ ಮುಂಚೆಯೇ ಅವನ ಕೈ ಶಲ್ಯದೊಳಗೆ ಹೋಗುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತಲ್ಲೇ ನಿಂತವು, ಕಂತು ಕಟ್ಟದವನ್ನು ಫೈನಾನ್ಸಿನವರು ಎಳೆದೊಯ್ದರು. ನಿಂತ ಗಾಡಿಗೆ ಎಂಥ ರಿಪೇರಿ? ಕೋರ್ಟು ಮಾಡಿದ್ದು ಸರಿಯೇ ಇತ್ತು, ಅಕ್ರಮ ಗಣಿಗಾರಿಕೆಯ ಆ ಲೂಟಿ ನಿಲ್ಲಲೇಬೇಕಿತ್ತು. ಆದರೆ ದುಡ್ಡು ಬಾಚಿದವರ ಜೊತೆಗೆ ಪಾನಾ ಹಿಡಿದವರೂ ಬಿದ್ದರು. ಮಾವ ಕೆಲ ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿ ಶೆಡ್ಡು ಮುಚ್ಚಿದ.

ಮೊನ್ನೆ ಊರಿನಿಂದ ದಾಯಾದಿ ತಮ್ಮನ ಪ್ರಿ-ವೆಡ್ಡಿಂಗ್ ಆಲ್ಬಮ್ ಬಂತು. ಗಂಗಾವತಿ ಕಡೆಯ ಸಾಣಾಪುರ ಕೆರೆಯ ದಂಡೆಯಲ್ಲಿ ಬಾಡಿಗೆಗೆ ತಂದ ಹಳೇ ಜೀಪು, ಎತ್ತಿದ ಬಾನೆಟ್ಟು. ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟ ಮದುಮಗನ ಕೈಯಲ್ಲಿ ಪಾನಾ, ಕೆನ್ನೆ ಮೇಲೆ ಒಂದು ಎಳೆ ಕಾಡಿಗೆ. ಗ್ರೀಸಂತೆ! ಮೇಲಿಂದ ಡ್ರೋನು ಬೇರೆ. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಹೃದಯ ಒತ್ತಿದ್ದರು. ಕಾಡಿಗೆಯ ಗ್ರೀಸಿಗೆ ಆಲ್ಬಮ್ಮಿನ ಮೊದಲ ಪುಟ, ನಿಜದ ಗ್ರೀಸಿಗೆ ಶಲ್ಯ. ನಮ್ಮವರ ಈ ಬುದ್ಧಿ ನನಗೆ ಸಿಟ್ಟು ತರಿಸುತ್ತದೆ. ಮಿಷಿಗನ್ನಿಗೆ ಬಂದರೂ ನನ್ನ ಮನೆಯ ಹಾಲಿನಲ್ಲಿ ಅದೇ ಬುದ್ಧಿ ಕೂತಿದೆ ಅನ್ನುವುದು ಇನ್ನೂ ಹೆಚ್ಚು.

ಬ್ರೇಕು ಬಿಚ್ಚಿದ ದಿನ ಪಕ್ಕದ ಮನೆಯವರು ತೆಗೆದ ಫೋಟೋ ಒಂದಿತ್ತು: ತೋಳು ಮಡಚಿದ್ದೇನೆ, ಮೊಣಕೈ ತನಕ ಕಪ್ಪು, ಕೈಯಲ್ಲಿ ಕ್ಯಾಲಿಪರು. ಅದನ್ನು ಮಾವನಿಗೆ ವಾಟ್ಸ್ಆ್ಯಪ್ ಮಾಡಿದೆ. ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜು ಬಂತು. “ಯಾಕಪ್ಪಾ, ಅಲ್ಲಿ ಮೇಸ್ತ್ರಿಗಳು ಸಿಗಂಗಿಲ್ಲೇನು? ನಿನ್ನ ಓದ್ಸಿದ್ದು ಇದಕ್ಕೇನು?” ಬೈದು ಮುಗಿಸಿದ ಅಂದುಕೊಂಡೆ. ಹಿಂದೆಯೇ ಇನ್ನೊಂದು: “ಪಿನ್ನಿಗೆ ಗ್ರೀಸ್ ಹಚ್ಚಿದೇನು? ಹಿಂದಿನ ಗಾಲಿನೂ ಬಿಚ್ಚಿ ನೋಡು. ಹೊಸ ಪ್ಯಾಡು ಹಾಕೋ ಮುಂಚೆ ಪಾಲಿಶ್ ಪೇಪರಿನಾಗ ಒಂದೀಟು ತಿಕ್ಕು.”

ತಿಕ್ಕುವುದು ಬೇಡವೇ ಬೇಡ ಅನ್ನುತ್ತಾರೆ ಪಕ್ಕದ ಮನೆಯವರು. ನಮ್ಮ ಕಾರಿನ ಹಿಂದಿನ ಪಿಸ್ಟನ್ನು ಒತ್ತಿದರೆ ಹೋಗುವುದಿಲ್ಲ, ತಿರುಗಿಸುತ್ತ ಒಳಗೆ ಕಳಿಸಬೇಕು, ಅದಕ್ಕೆ ಬೇರೆ ಉಪಕರಣ ಬೇಕು ಅಂತಲೂ ಹೇಳಿದ್ದಾರೆ. ಬಿಡಿಭಾಗದ ಅಂಗಡಿಯಲ್ಲಿ ಡಿಪಾಸಿಟ್ ಕಟ್ಟಿದರೆ ಅದು ಎರವಲು ಸಿಗುತ್ತದೆ. ಶನಿವಾರ ಮಾವನನ್ನು ವಿಡಿಯೋ ಕಾಲಿನಲ್ಲಿ ಕೂಡಿಸಿಕೊಂಡೇ ಗಾಲಿ ಬಿಚ್ಚುವುದು, ತಿಕ್ಕುವ ವಿಷಯ ಅವರಿಬ್ಬರೇ ತೀರ್ಮಾನಿಸಲಿ. ಫೋಟೋ ತೆಗೆಯುವವಳು ಮಗಳು. ಗರಾಜಿನ ಚಾವಣಿ ಬರೀ ಮರದ್ದು, ಬಣ್ಣವಿಲ್ಲ, ಅಲ್ಲಿಗೆ ಫ್ಲಾಶ್ ತಿರುಗಿಸಿದರೆ ಎಲ್ಲ ಹಳದಿಯಾಗುತ್ತದೆ. ಬಾಗಿಲು ಪೂರ್ತಿ ಎತ್ತಿಬಿಡು, ಹೊರಗಿನ ಬೆಳಕೇ ಸಾಕು ಅಂತ ಹೇಳಿದ್ದೇನೆ.